ವೈಲ್ಡ್‌ಕಾರ್ಡ್ (ಎಕ್ಸ್‌ಎಂಎಲ್ ಸ್ಕೀಮಾ)

ಎಕ್ಸ್‌ಎಂಎಲ್ ಕಡತದಲ್ಲಿ ಯಾವ ಟ್ಯಾಗ್ ಎಲ್ಲಿ ಬರಬೇಕೆಂದು ವಿಧಿಸುವುದು ಸ್ಕೀಮಾ. ಆ ಕಟ್ಟಳೆಯೊಳಗೇ, ಸ್ಕೀಮಾ ಬರೆದವರಿಗೆ ಗೊತ್ತಿಲ್ಲದ ಟ್ಯಾಗುಗಳಿಗೂ ಜಾಗ ಬಿಡುವ ಏರ್ಪಾಡಿಗೆ ವೈಲ್ಡ್‌ಕಾರ್ಡ್ ಎಂದು ಹೆಸರು.

1986ರ ಎಸ್‌ಜಿಎಂಎಲ್‌ನಿಂದ 1998ರ ಎಕ್ಸ್‌ಎಂಎಲ್‌ಗೆ ಬಳುವಳಿಯಾಗಿ ಬಂದ ಡಿಟಿಡಿ ಎಂಬ ಹಳೆಯ ಬಗೆಯ ಸ್ಕೀಮಾದಲ್ಲಿ ‘ಎನಿ’ ಎಂಬ ಏರ್ಪಾಡು ಇತ್ತು. ಹೆಸರು ದೊಡ್ಡದು, ಔದಾರ್ಯ ಚಿಕ್ಕದು: ಒಳಗೆ ಬರುವ ಪ್ರತಿ ಟ್ಯಾಗನ್ನೂ ಅದೇ ಡಿಟಿಡಿಯಲ್ಲಿ ಘೋಷಿಸಿರಬೇಕಿತ್ತು. ಹೊರಗಿನವರ ಟ್ಯಾಗನ್ನು ಗುರುತಿಸುವ ದಾರಿ ಸಿಕ್ಕಿದ್ದು 1999ರಲ್ಲಿ, ಟ್ಯಾಗ್ ಯಾರದೆಂದು ಹೇಳುವ ನೇಮ್‌ಸ್ಪೇಸ್ ಬಂದ ಮೇಲೆ.

2001ರ ಮೇ 2ರಂದು ಜಾಲದ ಮಾನದಂಡ ಸಂಸ್ಥೆ ಡಬ್ಲ್ಯು3ಸಿ ಅಂಗೀಕರಿಸಿದ ಎಕ್ಸ್‌ಎಂಎಲ್ ಸ್ಕೀಮಾ 1.0ರ ವೈಲ್ಡ್‌ಕಾರ್ಡಿನಲ್ಲಿ ಯಾವ ನೇಮ್‌ಸ್ಪೇಸಿನವು ಬರಬಹುದು, ಬಂದದ್ದನ್ನು ಎಷ್ಟು ಪರೀಕ್ಷಿಸಬೇಕು ಎಂಬೆರಡನ್ನೂ ಹೇಳಬಹುದು. ‘ಸ್ಟ್ರಿಕ್ಟ್’ ಆದರೆ ಟ್ಯಾಗಿನ ವ್ಯಾಖ್ಯೆ ಸಿಗಲೇಬೇಕು. ‘ಲ್ಯಾಕ್ಸ್’ ಆದರೆ ಸಿಕ್ಕರೆ ಪರೀಕ್ಷೆ, ಇಲ್ಲದಿದ್ದರೆ ಇಲ್ಲ. ‘ಸ್ಕಿಪ್’ ಸ್ಕೀಮಾವನ್ನು ಕೇಳುವುದೇ ಇಲ್ಲ. ಏನೂ ಬರೆಯದಿದ್ದರೆ ಸ್ಟ್ರಿಕ್ಟ್. ಹೊಸಬರು ಎಡವುವುದು ಇಲ್ಲಿಯೇ.

ಒಂದು ಉದಾಹರಣೆ: ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದವರೆಗೆ ಸೈಕಲ್ ತುಳಿದವರು ಆ ದಾರಿಯನ್ನು, ಪಯಣದ ಜಾಡು ದಾಖಲಿಸುವ ಎಕ್ಸ್‌ಎಂಎಲ್ ಮಾದರಿಯಾದ ಜಿಪಿಎಕ್ಸ್ ಕಡತವಾಗಿ ಉಳಿಸಿಕೊಂಡರೆ, ಅಕ್ಷಾಂಶ, ರೇಖಾಂಶ, ಎತ್ತರ, ಸಮಯಕ್ಕೆ ಸ್ಕೀಮಾದಲ್ಲೇ ಜಾಗವಿದೆ, ಎದೆಬಡಿತಕ್ಕಿಲ್ಲ. 2004ರ ಜಿಪಿಎಕ್ಸ್ 1.1 ತನ್ನ ‘ಎಕ್ಸ್‌ಟೆನ್ಶನ್ಸ್’ ಒಳಗೆ ಬೇರೆ ನೇಮ್‌ಸ್ಪೇಸಿನ ಯಾವ ಎಲಿಮೆಂಟನ್ನಾದರೂ (ಟ್ಯಾಗಿಟ್ಟ ಘಟಕವನ್ನು) ಲ್ಯಾಕ್ಸ್ ಆಗಿ ಒಪ್ಪುತ್ತದೆ. ಗಾರ್ಮಿನ್ ಸಾಧನಗಳು ಎದೆಬಡಿತವನ್ನು ಇಡುವುದು ಅಲ್ಲಿಯೇ. ಅದು ಅರ್ಥವಾಗದ ತಂತ್ರಾಂಶ ಅದನ್ನು ಬಿಟ್ಟು ದಾರಿಯನ್ನಷ್ಟೇ ತೋರಿಸಬಹುದು. ವೈಲ್ಡ್‌ಕಾರ್ಡಿನ ಅತ್ಯಂತ ಹದವಾದ ಬಳಕೆ ಇದು. ಭೂಪಟ ಯೋಜನೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಬೇರೆ ಮಾರ್ಗ ಹಿಡಿಯಿತು: ಎಲ್ಲ ವಿವರಕ್ಕೂ ಒಂದೇ ಎಲಿಮೆಂಟು, ಅದರ ‘ಕೆ’ ಮತ್ತು ‘ವಿ’ ಆಟ್ರಿಬ್ಯೂಟುಗಳಲ್ಲಿ ಬಳಕೆದಾರರು ಬರೆದದ್ದೇ ಕೀಲಿ, ಬರೆದದ್ದೇ ಬೆಲೆ. ಊರಿನ ಕನ್ನಡ ಹೆಸರು ‘ನೇಮ್:ಕೆಎನ್’ ಕೀಲಿಯಡಿ ಸೇರುತ್ತದೆ. ಸುಲಭವೇನೋ ಹೌದು, ಕೀಲಿಯ ಕಾಗುಣಿತ ತಪ್ಪಿದರೆ ಹಿಡಿಯಲು ಸ್ಕೀಮಾ ಇಲ್ಲ.

ಸ್ಕೀಮಾ 1.0ರ ದೊಡ್ಡ ತೊಡಕು ಅಸ್ಪಷ್ಟತೆಯ ನಿಷೇಧ. ಐಚ್ಛಿಕ ಎಲಿಮೆಂಟಿನ ಬೆನ್ನಿಗೇ ಅದೇ ನೇಮ್‌ಸ್ಪೇಸನ್ನು ಒಪ್ಪುವ ವೈಲ್ಡ್‌ಕಾರ್ಡ್ ಇಟ್ಟರೆ, ಬಂದ ಟ್ಯಾಗ್ ಎರಡರಲ್ಲಿ ಯಾವುದಕ್ಕೆ ಸೇರಿದ್ದೆಂದು ತಿಳಿಯದೆ ಸ್ಕೀಮಾವೇ ಅಮಾನ್ಯವಾಗುತ್ತಿತ್ತು. ಮುಂದಿನ ಆವೃತ್ತಿಗೆಂದು ಜಾಗ ಬಿಡಹೊರಟವರಿಗೆ ಇದೇ ಕಾಟ. 2001ರಲ್ಲೇ ಬಂದ, ಜೇಮ್ಸ್ ಕ್ಲಾರ್ಕ್ ಮತ್ತು ಮುರಾತಾ ಮಕೊಟೊ ಅವರ ರಿಲ್ಯಾಕ್ಸ್ ಎನ್‌ಜಿ ಎಂಬ ಇನ್ನೊಂದು ಸ್ಕೀಮಾ ಭಾಷೆಗೆ ಈ ನಿರ್ಬಂಧ ಬೇಕಾಗಿರಲಿಲ್ಲ. 2012ರ ಏಪ್ರಿಲ್ 5ರ ಸ್ಕೀಮಾ 1.1, ಹೆಸರಿಟ್ಟ ಎಲಿಮೆಂಟಿಗೇ ಮೊದಲ ಹಕ್ಕು ಕೊಟ್ಟು ಗೊಂದಲ ಬಗೆಹರಿಸಿತು. ‘ಓಪನ್ ಕಂಟೆಂಟ್’ ಮೂಲಕ ಎಲ್ಲೆಂದರಲ್ಲಿ ಹೊಸ ಟ್ಯಾಗ್ ಸೇರಿಸಲೂ ಬಿಟ್ಟಿತು. ಆದರೆ ಬಂದದ್ದು ತಡವಾಗಿ. ಅಷ್ಟರಲ್ಲಿ ಜಾಲಸೇವೆಗಳು ಜೇಸನ್ ಎಂಬ ಬೇರೆ ದತ್ತಾಂಶ ಮಾದರಿಯ ಕಡೆ ಹೊರಳಿದ್ದವು. ಪರೀಕ್ಷಕ ತಂತ್ರಾಂಶಗಳಲ್ಲಿ ಸ್ಯಾಕ್ಸನ್ ಮತ್ತು ಅಪಾಚೆ ಝರ್ಸೀಸ್ ಸ್ಕೀಮಾ 1.1ನ್ನು ಅಳವಡಿಸಿಕೊಂಡವು. ಡಾಟ್‌ನೆಟ್‌ನ ಪರೀಕ್ಷಕ 1.0ರಲ್ಲೇ ಉಳಿದಿದೆ.