ಪ್ರತಿಕ್ರಿಯಾತ್ಮಕ ಗುರಿ (ರಿಮ್‌ಫೈರ್ ಶೂಟಿಂಗ್)

ಗುಂಡು ತಗುಲಿದೊಡನೆ ಬೀಳುವ, ತಿರುಗುವ, ಒಡೆಯುವ ಅಥವಾ ಸದ್ದು ಮಾಡುವ ಗುರಿಗಳನ್ನು ಶೂಟಿಂಗ್ ಕ್ರೀಡೆಯಲ್ಲಿ ಪ್ರತಿಕ್ರಿಯಾತ್ಮಕ ಗುರಿಗಳು ಎಂದು ಕರೆಯಲಾಗುತ್ತದೆ. ಕಾಗದದ ಗುರಿಯ ಫಲಿತಾಂಶವನ್ನು ಅರಿಯಲು ದೂರದರ್ಶಕ ಬೇಕು, ಇಲ್ಲವೇ ಗುರಿಯವರೆಗೆ ನಡೆದು ಹೋಗಬೇಕು. ಪ್ರತಿಕ್ರಿಯಾತ್ಮಕ ಗುರಿಯಲ್ಲಿ ಫಲಿತಾಂಶವು ತತ್‌ಕ್ಷಣವೇ ಕಣ್ಣಿಗೆ ಅಥವಾ ಕಿವಿಗೆ ತಿಳಿಯುತ್ತದೆ. ಹೊಸ ಕಲಿಕೆಯವರು ಬೇಸರವಿಲ್ಲದೆ ಅಭ್ಯಾಸ ಮುಂದುವರಿಸಲು ಇದೇ ಮುಖ್ಯ ಕಾರಣ.

ರಿಮ್‌ಫೈರ್ ತೋಟಾ

ಸಿಡಿಯುವ ರಾಸಾಯನಿಕವನ್ನು ಬುಡದ ಅಂಚಿನೊಳಗೆ ತುಂಬಿರುವ ತೋಟಾ ರಿಮ್‌ಫೈರ್ ಎನಿಸಿಕೊಳ್ಳುತ್ತದೆ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದ .22 ಲಾಂಗ್ ರೈಫಲ್ 1887ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಇದರ ಸೀಸದ ಗುಂಡು ಸಾಮಾನ್ಯವಾಗಿ 2.6 ಗ್ರಾಂ ತೂಗುತ್ತದೆ. ಬೆಲೆ, ಸದ್ದು ಮತ್ತು ಹಿನ್ನೂಕು ಮೂರೂ ಕಡಿಮೆ. ಆದರೆ ಈ ಸೌಮ್ಯತೆಯೇ ಕೆಲವರನ್ನು ದಾರಿ ತಪ್ಪಿಸುತ್ತದೆ: ತಡೆಯಿಲ್ಲದೆ ಹಾರಿದ ಗುಂಡು 1.5 ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಆದ್ದರಿಂದ ಯಾವುದೇ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು.

ಸ್ಪರ್ಧೆಗಳಲ್ಲಿ

ಲೋಹದ ಛಾಯಾಕೃತಿ ಶೂಟಿಂಗ್ ಮೆಕ್ಸಿಕೋದಲ್ಲಿ ಹುಟ್ಟಿದ ಕ್ರೀಡೆ. ಹಿಂದೆ ಜೀವಂತ ಪ್ರಾಣಿಗಳನ್ನು ಕಟ್ಟಿ ಗುಂಡು ಹೊಡೆಯುತ್ತಿದ್ದ ಪದ್ಧತಿಗೆ ಬದಲಾಗಿ ಉಕ್ಕಿನ ಆಕೃತಿಗಳು ಬಂದವು. ರಿಮ್‌ಫೈರ್ ರೈಫಲ್ ವಿಭಾಗದಲ್ಲಿ ಕೋಳಿ 40 ಮೀಟರ್, ಹಂದಿ 60, ಟರ್ಕಿ 77 ಹಾಗೂ ಟಗರು 100 ಮೀಟರ್ ದೂರದಲ್ಲಿರುತ್ತವೆ. ಇವು ದೊಡ್ಡ ರೈಫಲ್ ವಿಭಾಗದ 200, 300, 385 ಮತ್ತು 500 ಮೀಟರ್‌ಗಳ ಐದನೆಯ ಒಂದು ಭಾಗವಾಗಿದ್ದು, ಆಕೃತಿಗಳ ಅಳತೆಯೂ ಅದೇ ಪ್ರಮಾಣದಲ್ಲಿ ಕಿರಿದಾಗಿದೆ. ಸ್ಪರ್ಧಿ ನಿಂತುಕೊಂಡೇ, ಯಾವ ಆಸರೆಯೂ ಇಲ್ಲದೆ ಗುಂಡು ಹಾರಿಸಬೇಕು. ಗುಂಡು ತಗುಲಿದರಷ್ಟೇ ಸಾಲದು, ಆಕೃತಿ ಪೀಠದಿಂದ ಉರುಳಬೇಕು. ಟಗರಿನ ಕಾಲಿಗೆ ತಗುಲಿ ಟಣ್ಣೆಂದು ಸದ್ದಾದರೂ ಅದು ನಿಂತೇ ಇದ್ದರೆ ಅಂಕವಿಲ್ಲ.

ಬಯಾಥ್ಲಾನ್ 1978ರಲ್ಲಿ .22 ತೋಟಾಕ್ಕೆ ಬದಲಾಯಿತು. ಅಲ್ಲಿ 50 ಮೀಟರ್ ದೂರದ ಐದು ಕಪ್ಪು ವೃತ್ತಗಳು ಗುಂಡು ತಗುಲಿದೊಡನೆ ಬಿಳಿಯಾಗುತ್ತವೆ. ಮಲಗಿ ಹೊಡೆಯುವಾಗ ವೃತ್ತದ ವ್ಯಾಸ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಮಿಲಿಮೀಟರ್.

ಅಭ್ಯಾಸದ ಗುರಿಗಳು ಮತ್ತು ಸುರಕ್ಷತೆ

ತೂಗಾಡುವ ಉಕ್ಕಿನ ತಟ್ಟೆ ಎಲ್ಲಕ್ಕಿಂತ ಬಾಳಿಕೆ ಬರುವ ಗುರಿ, ಆದರೆ ಎಚ್ಚರಿಕೆ ಬೇಡುವಂಥದ್ದು. ನಯವಾದ ಗಟ್ಟಿ ಉಕ್ಕಿಗೆ ಬಡಿದ ಸೀಸ ಚೂರಾಗಿ ತಟ್ಟೆಯ ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸುತ್ತಲೂ ಚದರುತ್ತದೆ. ತಟ್ಟೆಯಲ್ಲಿ ಗುಳಿ ಬಿದ್ದಿದ್ದರೆ ಅದೇ ಚೂರು ಗುಳಿಯ ಅಂಚಿನಲ್ಲಿ ತಿರುಗಿ ಶೂಟರ್‌ನತ್ತಲೇ ಮರಳಬಹುದು. ಹೀಗಾಗಿ ಗುಳಿಬಿದ್ದ ಅಥವಾ ಬಾಗಿದ ತಟ್ಟೆಯನ್ನು ಬಳಸಬಾರದು. ತಟ್ಟೆಯ ಮೇಲ್ಭಾಗವನ್ನು ತುಸು ಮುಂದಕ್ಕೆ ವಾಲಿಸಿ ತೂಗುಹಾಕಿದರೆ ಬಹುಪಾಲು ಚೂರುಗಳು ನೆಲಕ್ಕಿಳಿಯುತ್ತವೆ. ತಯಾರಕರು ಸೂಚಿಸಿದ ಕನಿಷ್ಠ ದೂರವನ್ನು ಪಾಲಿಸಬೇಕು; ನೋಡುವವರೂ ಕಣ್ಣಿನ ರಕ್ಷಣೆ ಧರಿಸಬೇಕು.

ಮೃದು ಪಾಲಿಮರ್‌ನ ಚೆಂಡು ಮತ್ತು ಘನಾಕೃತಿಗಳು ಗುಂಡು ತಗುಲಿದಾಗ ಪುಟಿಯುತ್ತವೆ, ರಂಧ್ರವೂ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಗುಂಡು ಇವುಗಳ ಮೂಲಕ ಹಾದುಹೋಗುವುದರಿಂದ ಉರುಳಿ ದಿಬ್ಬದ ಆಸರೆ ತಪ್ಪಿದ ಚೆಂಡಿಗೆ ಗುಂಡು ಹಾರಿಸುವಂತಿಲ್ಲ. ಮಣ್ಣಿನ ಬಿಲ್ಲೆ, ಸೀಮೆಸುಣ್ಣ, ಬಿಸ್ಕತ್ತು ಮತ್ತು ನೀರು ತುಂಬಿದ ಡಬ್ಬಿ ಅಗ್ಗದ ಗುರಿಗಳು. ಇವುಗಳಲ್ಲಿ ಸೀಮೆಸುಣ್ಣ ಬಹುಶಃ ಅತ್ಯುತ್ತಮ: ಪುಡಿಯ ಮೋಡ ಸ್ಪಷ್ಟವಾಗಿ ಕಾಣುತ್ತದೆ, ಕಸವೂ ಉಳಿಯುವುದಿಲ್ಲ. ಗಾಜು ನಿಷಿದ್ಧ. ನೀರಿನ ಮೇಲ್ಮೈ ಹಾಗೂ ಬಂಡೆಗಳತ್ತ ಎಂದಿಗೂ ಗುಂಡು ಹಾರಿಸಬಾರದು, ಓರೆಯಾಗಿ ತಾಗಿದ ಗುಂಡು ಚಿಮ್ಮಿ ಎತ್ತಲಾದರೂ ಹೋಗಬಹುದು. ಅಭ್ಯಾಸದ ಬಳಿಕ, ಊಟಕ್ಕೆ ಮುನ್ನ, ಸೀಸದ ಅಂಶ ಹೋಗುವಂತೆ ಕೈ ತೊಳೆಯುವುದು ಅಗತ್ಯ.

ಸ್ಫೋಟಕ ಗುರಿಗಳು

ಅಮೋನಿಯಂ ನೈಟ್ರೇಟ್ ಮತ್ತು ಅಲ್ಯೂಮಿನಿಯಂ ಪುಡಿಯ ಮಿಶ್ರಣದ ಗುರಿಗಳು ಅಮೆರಿಕದಲ್ಲಿ ಮಾರಾಟವಾಗುತ್ತವೆ. ಸಾಮಾನ್ಯ ಮಿಶ್ರಣವನ್ನು ಸಿಡಿಸುವಷ್ಟು ವೇಗ .22 ಗುಂಡಿಗಿಲ್ಲ. ರಿಮ್‌ಫೈರ್‌ಗೆಂದೇ ತಯಾರಾದವು ಹೆಚ್ಚು ಸೂಕ್ಷ್ಮವಾದ್ದರಿಂದ ನಿರ್ವಹಣೆಯಲ್ಲಿಯೂ ಹೆಚ್ಚು ಅಪಾಯಕಾರಿ. ಏಪ್ರಿಲ್ 2017ರಲ್ಲಿ ಅರಿಜೋನಾದಲ್ಲಿ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಬಣ್ಣದ ಪುಡಿಯಿಂದ ಸಾರಲು ಇಂತಹ ಗುರಿಯೊಂದಕ್ಕೆ ರೈಫಲ್‌ನಿಂದ ಗುಂಡು ಹೊಡೆದಾಗ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 47,000 ಎಕರೆ ಸುಟ್ಟಿತು. ಭಾರತದಲ್ಲಿ ಅಮೋನಿಯಂ ನೈಟ್ರೇಟ್‌ನ ಸ್ವಾಧೀನ ಹಾಗೂ ಮಾರಾಟ 2012ರ ಪ್ರತ್ಯೇಕ ನಿಯಮಗಳಿಗೆ ಒಳಪಟ್ಟಿವೆ; .22 ರೈಫಲ್ ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು.