ತೈಲಕ್ಕೆ ಬಿದ್ದ ಬೀಗ

ಆಳಂದ ತಾಲೂಕಿನ ನಮ್ಮ ಕಿಣ್ಣಿ ಸುಲ್ತಾನದ ಕಡೆಯ ಹಿರಿಯರಿಗೆ ‘ನಾಕಾಬಂದಿ’ ಎಂಬ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1948ರಲ್ಲಿ ನಮ್ಮ ಸೀಮೆ ನಿಜಾಮರ ಮೊಗಲಾಯಿ. ಗಡಿಯಾಚೆಯ ಸೊಲ್ಲಾಪುರ ಮುಂಬಯಿ ಪ್ರಾಂತ್ಯದ್ದು. ಹೈದರಾಬಾದಿಗೂ ದಿಲ್ಲಿಗೂ ಮಾತುಕತೆ ಮುರಿಯುತ್ತ ಬಂದ ತಿಂಗಳುಗಳಲ್ಲಿ ಉಪ್ಪು, ಔಷಧ, ಪೆಟ್ರೋಲನ್ನು ಗಡಿಯಲ್ಲೇ ತಡೆಯಲಾಗುತ್ತಿದೆ ಎಂದು ನಿಜಾಮ್ ಸರಕಾರ ದೂರಿತು. ದಿಲ್ಲಿ ಅದನ್ನು ಅಲ್ಲಗಳೆಯಿತು. ಯಾರ ವಾದ ಎಷ್ಟು ಸರಿ ಎಂಬುದು ಬೇರೆ ಚರ್ಚೆ. ಆದರೆ ನಾವು ಬಾಲ್ಯದಲ್ಲಿ ಅಜ್ಜಿಯಂದಿರಿಂದ ಕೇಳಿದ ಕಥೆಗಳಲ್ಲಿ ನಿಜಾಮನೂ ಇರಲಿಲ್ಲ, ದಿಲ್ಲಿಯೂ ಇರಲಿಲ್ಲ. ಉಪ್ಪಿಲ್ಲದ ಸಾರು ಇತ್ತು. ಚಿಮಣಿ ಎಣ್ಣೆ ಉಳಿಸಲು ಹೊತ್ತು ಮುಳುಗುವ ಮೊದಲೇ ಉಂಡು ಮಲಗುವ ಮನೆ ಇತ್ತು.

ಇರಾನಿನ ತೈಲದ ಇತಿಹಾಸವನ್ನು ಓದುವಾಗ ನಮಗೆ ಈ ಕಥೆಗಳೇ ನೆನಪಾಗುತ್ತವೆ. ಇರಾನ್ ನಮಗೆ ಅಪರಿಚಿತ ದೇಶವೇನಲ್ಲ. ಬಹಮನಿ ರಾಜ್ಯದ ವಜೀರನಾಗಿ ಬೀದರಿನಲ್ಲಿ ಮದ್ರಸಾ ಕಟ್ಟಿಸಿದ ಮಹಮೂದ್ ಗವಾನ್ ಗೀಲಾನಿನಿಂದ ಬಂದ ವ್ಯಾಪಾರಿ. ಆ ಕಾಲದಲ್ಲಿ ಹೊರ್ಮುಜಿನ ಸಮುದ್ರದಾರಿಯಿಂದ ದಖ್ಖನಿಗೆ ಕುದುರೆಗಳು ಬರುತ್ತಿದ್ದವು. ನಮ್ಮ ಕಾಲದಲ್ಲಿ ಅದೇ ದಾರಿಯಿಂದ ಮಂಗಳೂರಿಗೆ ಕಚ್ಚಾತೈಲ ಬಂತು.

ಆ ತೈಲಕ್ಕೆ ಮೊದಲ ಬೀಗ ಬಿದ್ದದ್ದು 1951ರಲ್ಲಿ. ನಾಲ್ಕು ದಶಕಗಳಿಂದ ಬ್ರಿಟಿಷ್ ಕಂಪನಿಯ ಕೈಯಲ್ಲಿದ್ದ ತೈಲವನ್ನು ಇರಾನಿನ ಸಂಸತ್ತು ರಾಷ್ಟ್ರೀಕರಣಗೊಳಿಸಿತು. ಅದರ ಮುಂದಾಳು ಮುಹಮ್ಮದ್ ಮುಸದ್ದಿಕ್ ಪ್ರಧಾನಿಯಾದರು. ಬ್ರಿಟನ್ ಯುದ್ಧನೌಕೆಗಳನ್ನು ಕಳಿಸಿತು, ಇರಾನಿನ ಹಣವನ್ನು ತಡೆಹಿಡಿಯಿತು, ಸಕ್ಕರೆ ಮತ್ತು ಉಕ್ಕಿನ ರಫ್ತು ನಿಲ್ಲಿಸಿತು. 1952ರಲ್ಲಿ ಇರಾನಿನ ತೈಲ ಹೊತ್ತು ಹೊರಟ ‘ರೋಸ್ ಮೇರಿ’ ಎಂಬ ಹಡಗನ್ನು ಏಡನ್ ಬಂದರಿಗೆ ತಿರುಗಿಸಲಾಯಿತು. 1950ರಲ್ಲಿ 24 ಕೋಟಿ ಬ್ಯಾರೆಲ್ ದಾಟಿದ್ದ ಉತ್ಪಾದನೆ 1952ರಲ್ಲಿ ಸುಮಾರು ಒಂದು ಕೋಟಿಗೆ ಕುಸಿಯಿತು. 1953ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರರ ನೆರವಿನಿಂದ ಮುಸದ್ದಿಕ್ ಸರಕಾರವನ್ನು ಉರುಳಿಸಲಾಯಿತು.

ಎರಡನೆಯ ದೊಡ್ಡ ಬೀಗಕ್ಕೆ ಯುದ್ಧನೌಕೆ ಬೇಕಾಗಲಿಲ್ಲ, ಕಾಗದವೇ ಸಾಕಾಯಿತು. ಅಣುಕಾರ್ಯಕ್ರಮದ ಕಾರಣಕ್ಕೆ ಯುರೋಪಿನ ಒಕ್ಕೂಟ 2012ರ ಜುಲೈ 1ರಿಂದ ಇರಾನಿನ ತೈಲ ಖರೀದಿಯನ್ನೂ, ಅದನ್ನು ಹೊರುವ ಹಡಗುಗಳ ವಿಮೆಯನ್ನೂ ನಿಷೇಧಿಸಿತು. ಜಗತ್ತಿನ ಬಹುಪಾಲು ತೈಲ ಹಡಗುಗಳಿಗೆ ವಿಮೆ ಕೊಡುವವರು ಯುರೋಪಿನವರೇ. ವಿಮೆಯಿಲ್ಲದ ಹಡಗನ್ನು ಯಾವ ಬಂದರು ಬಿಟ್ಟುಕೊಂಡೀತು?

ಆಗ ಇರಾನಿನ ತೈಲವನ್ನು ಭಾರತದಲ್ಲಿ ಅತಿ ಹೆಚ್ಚು ಕೊಳ್ಳುತ್ತಿದ್ದದ್ದು ನಮ್ಮ ಮಂಗಳೂರಿನ ಎಂ.ಆರ್.ಪಿ.ಎಲ್. ಆ ಆಗಸ್ಟಿನಲ್ಲಿ ‘ಓಂವತಿ ಪ್ರೇಮ್’ ಎಂಬ ಭಾರತೀಯ ಹಡಗು ಸರಕಾರಿ ವಿಮೆಯ ಭರವಸೆಯ ಮೇಲೆ ಹೋಗಿ ಸುಮಾರು 85,000 ಟನ್ ತೈಲ ತಂದಿತು. ಹಣ ಕೊಡುವುದೂ ಕಷ್ಟವಾಗಿತ್ತು. ಟರ್ಕಿಯ ಬ್ಯಾಂಕಿನ ಮೂಲಕ ಒಂದು ಪಾಲು, ಕೋಲ್ಕತ್ತದ ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಾಗಿ ಒಂದು ಪಾಲು ಕೊಡಬೇಕಾಯಿತು. ಇರಾನ್ ಆ ರೂಪಾಯಿಯಿಂದ ನಮ್ಮ ಅಕ್ಕಿ, ಚಹಾ, ಔಷಧ ಕೊಳ್ಳುತ್ತಿತ್ತು. 2013ರಲ್ಲಿ ಇರಾನಿನ ತೈಲ ಬಳಸುವ ಕಾರ್ಖಾನೆಗೇ ವಿಮೆ ಸಿಗದ ಸ್ಥಿತಿ ಬಂದು ಮಂಗಳೂರು ಕೆಲವು ತಿಂಗಳು ಖರೀದಿ ನಿಲ್ಲಿಸಿತು. 2011ರಲ್ಲಿ ದಿನಕ್ಕೆ ಸುಮಾರು 25 ಲಕ್ಷ ಬ್ಯಾರೆಲ್ ಇದ್ದ ಇರಾನಿನ ರಫ್ತು 2013ರಲ್ಲಿ ಸುಮಾರು 11 ಲಕ್ಷಕ್ಕಿಳಿಯಿತು.

ದಿಗ್ಬಂಧನವೇ ಇರಾನನ್ನು 2015ರ ಅಣು ಒಪ್ಪಂದಕ್ಕೆ ತಂದಿತು ಎನ್ನುವವರಿದ್ದಾರೆ. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಒಪ್ಪಂದದ ಪಾಲನೆಯಾಗುತ್ತಿದೆ ಎಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತೆ ಮತ್ತೆ ವರದಿ ಮಾಡಿದ ಮೇಲೂ 2018ರ ಮೇ ತಿಂಗಳಲ್ಲಿ ಅಮೆರಿಕ ಅದರಿಂದ ಹೊರನಡೆಯಿತು. 2019ರ ಮೇ ತಿಂಗಳಿಗೆ ಭಾರತಕ್ಕಿದ್ದ ರಿಯಾಯಿತಿ ಮುಗಿಯಿತು, ಖರೀದಿಯೂ ನಿಂತಿತು. ಮಾತಿಗೆ ಬಂದರೂ ಬೀಗ ಬೀಳುವುದಾದರೆ ಮಾತಿಗೆ ಬರುವುದೇಕೆ ಎಂಬ ಪ್ರಶ್ನೆ ಅಲ್ಲಿ ಹುಟ್ಟಿದರೆ ಅಚ್ಚರಿಯಿಲ್ಲ.

ಬೀಗದ ಭಾರ ಬಿದ್ದದ್ದು ಯಾರ ಮೇಲೆ? ಪ್ರಭುಗಳ ಸುತ್ತ ದಲ್ಲಾಳಿಗಳು ಬೆಳೆದರು. ಕಳ್ಳದಾರಿಯಲ್ಲಿ ತೈಲ ಮಾರಲು ನೆರವಾದ ಬಾಬಕ್ ಜಂಜಾನಿ ಎಂಬ ವ್ಯಾಪಾರಿ ನೂರಾರು ಕೋಟಿ ಡಾಲರ್ ನುಂಗಿದ ಆರೋಪದಲ್ಲಿ 2013ರಲ್ಲಿ ಬಂಧಿತನಾಗಿ, ಮುಂದೆ ಶಿಕ್ಷೆಗೂ ಗುರಿಯಾದ. ಔಷಧಕ್ಕೆ ಕಾಗದದ ಮೇಲೆ ವಿನಾಯಿತಿ ಇತ್ತು. ಆದರೆ ಅಮೆರಿಕದ ದಂಡಕ್ಕೆ ಹೆದರಿ ಬ್ಯಾಂಕುಗಳು ಹಣ ಸಾಗಿಸಲು ಒಪ್ಪಲಿಲ್ಲ. ಮುಟ್ಟಿದರೆ ಚರ್ಮ ಸುಲಿದು ಬರುವ ಒಂದು ರೋಗವಿದೆ. ಅದಿರುವ ಇರಾನಿನ ಮಕ್ಕಳಿಗೆ ಬರುತ್ತಿದ್ದ ಯುರೋಪಿನ ವಿಶೇಷ ಪಟ್ಟಿಗಳು 2018ರ ದಿಗ್ಬಂಧನದ ಬಳಿಕ ನಿಂತವು ಎಂಬುದನ್ನು ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ. ಆ ಮಕ್ಕಳಿಗೂ ಅಣುವಿಗೂ ಏನು ಸಂಬಂಧ?

ನಾಕಾಬಂದಿ ಹಾಕುವವರ ಪಟ್ಟಿಯಲ್ಲಿ ತೈಲ, ಹಡಗು, ಬ್ಯಾಂಕುಗಳ ಹೆಸರಿರುತ್ತದೆ. ಅದನ್ನು ಅನುಭವಿಸಿದವರ ಪಟ್ಟಿ ಮಾತ್ರ ಬೇರೆಯೇ. ನಮ್ಮ ಅಜ್ಜಿಯಂದಿರು ತಮ್ಮ ಕೊನೆಗಾಲದವರೆಗೂ ಡಬ್ಬಿಯ ತಳದಲ್ಲಿ ಒಂದು ಹಿಡಿ ಉಪ್ಪನ್ನು ಮುಟ್ಟದೆ ಉಳಿಸುತ್ತಿದ್ದರು. ಏಕೆಂದು ಕೇಳಿದರೆ, ‘ಇರಲಿ, ಯಾವಾಗ ಏನಾಗ್ತದೋ’ ಎನ್ನುತ್ತಿದ್ದರು.