ದೊಡ್ಡಪ್ಪನ ಮಳೆ ಲೆಕ್ಕ ಮತ್ತು ಮೂರು ಸಿಡಿಗಳು

ಮೊನ್ನೆ ಕಳಸಕ್ಕೆ ಹೋದಾಗ ಅಟ್ಟದ ಮೇಲಿನ ಡಬ್ಬದಲ್ಲಿ ಒಂದು ಸಿಡಿ ಸಿಕ್ಕಿತು. ಮೇಲೆ ನನ್ನದೇ ಕೈಬರಹ: "ಮಳೆ ಲೆಕ್ಕ - 3". ಮೂರು ಯಾಕೆ ಅಂದರೆ ಮೊದಲೆರಡು ಕೆಲಸಕ್ಕೆ ಬಂದಿರಲಿಲ್ಲ. ಆ ಕತೆಯ ಜತೆಗೆ ಒಂದಿಷ್ಟು ಇತಿಹಾಸವೂ ಇದೆ, ಹೇಳಿಬಿಡುತ್ತೇನೆ.

2006ರ ಮಾತು. ದೊಡ್ಡಪ್ಪ ತೋಟದ ದಿನಚರಿಯನ್ನು ಕಂಪ್ಯೂಟರಿನಲ್ಲೇ ಬರೆಯುತ್ತಿದ್ದರು. ಯಾವತ್ತು ಎಷ್ಟು ಇಂಚು ಮಳೆ, ಹೂಮಳೆ ಯಾವಾಗ ಬಂತು, ಎಷ್ಟು ಆಳು ಬಂದರು, ಎಲ್ಲ ನುಡಿಯಲ್ಲಿ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಿತ್ತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ನಮ್ಮಂಥವರಿಗೆ ಕನ್ನಡ ಟೈಪಿಂಗ್ ಕಲಿಸಿದ್ದೇ ಇವೆರಡು. ಆದರೆ ಆಗಿನ ಕಡತಗಳಲ್ಲಿ ಇರುತ್ತಿದ್ದುದು ನಿಜವಾದ ಕನ್ನಡವಲ್ಲ. ಟೋಪಿ, ಬಾಲ, ಚುಕ್ಕಿ ಇಟ್ಟುಕೊಂಡ ಲ್ಯಾಟಿನ್ ಅಕ್ಷರಗಳು! ಅವಕ್ಕೆ ಕನ್ನಡದ ವೇಷ ಹಾಕುತ್ತಿದ್ದುದು ಫಾಂಟು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತಿತ್ತು.

ಈ ವಿಷಯಕ್ಕೆ ನಮ್ಮ ಕಾಫಿ ಸೀಮೆಗೂ ಹತ್ತಿರದ ನಂಟಿದೆ. ಮೂಡಿಗೆರೆಯಲ್ಲಿ ಕೂತು ಕನ್ನಡ ತಂತ್ರಾಂಶದ ಬಗ್ಗೆ ಪಟ್ಟು ಹಿಡಿದು ಮಾತಾಡಿದವರು ಪೂರ್ಣಚಂದ್ರ ತೇಜಸ್ವಿ. ಹಂಪಿ ಕನ್ನಡ ವಿಶ್ವವಿದ್ಯಾಲಯ 'ಕುವೆಂಪು' ತಂತ್ರಾಂಶ ಹೊರತಂದದ್ದರ ಹಿಂದೆ ಅವರ ಒತ್ತಾಸೆಯಿತ್ತು. 2007ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಇರಲಿ. ದೊಡ್ಡಪ್ಪನ ಬರಹವನ್ನು ಯೂನಿಕೋಡಿಗೆ ತರಬೇಕು ಅಂತ ನಾನು ಬೆಂಗಳೂರಿನಲ್ಲಿ ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಸಿಡಿಗೆ ಹಾಕಿ ಕಳಸದ ಬಸ್ಸಿಗೆ ಕೊಟ್ಟೆ. ಮಾರನೇ ದಿನ ಫೋನು: "ಯಾವುದರಲ್ಲಿ ತೆರೀಬೇಕು ಅಂತ ಅದೇ ನನ್ನ ಕೇಳ್ತಿದೆ ಕಣೋ!" ಸ್ಕ್ರಿಪ್ಟ್ ತಾನಾಗಿ ಓಡುವುದಿಲ್ಲ, ಓದಿ ನಡೆಸಲು ಇಂಟರ್‌ಪ್ರಿಟರ್ ಬೇಕು, ವಿಂಡೋಸ್‌ನಲ್ಲಿ ಪೈಥಾನ್ ಇರುವುದಿಲ್ಲ ಅಂತ ವಿವರಿಸಿದೆ. ದೊಡ್ಡಪ್ಪ ಅಂದರು: "ಕಾಫಿಬೀಜ ಕಳಿಸಿ ಮಿಷನ್ ನೀವೇ ತಗೊಳ್ಳಿ ಅಂದಂಗಾಯ್ತಲ್ಲೋ ಮಾರಾಯ."

ಈ ತಾಪತ್ರಯ ನನಗೊಬ್ಬನಿಗೇ ಬಂದದ್ದಲ್ಲ. ಅದಕ್ಕೇ ಪರ್ಲ್‌ನವರು ಪಾರ್ ಮಾಡಿಕೊಂಡರು, ಟಿಕಲ್‌ನವರು ಸ್ಟಾರ್‌ಪ್ಯಾಕ್. ಪೈಥಾನ್‌ಗೆ ಥಾಮಸ್ ಹೆಲ್ಲರ್ ಅವರ ಪೈ2ಎಕ್ಸ್ ಬಂತು. ಗಾರ್ಡನ್ ಮ್ಯಾಕ್‌ಮಿಲನ್ ಅವರ ಇನ್‌ಸ್ಟಾಲರ್ ಮುಂದೆ ಪೈಇನ್‌ಸ್ಟಾಲರ್ ಆಯಿತು. ಎಲ್ಲದರ ಉಪಾಯ ಒಂದೇ, ನಮ್ಮಜ್ಜಿ ಪಯಣಕ್ಕೆ ಬುತ್ತಿ ಕಟ್ಟಿದ ಹಾಗೆ. ಸ್ಕ್ರಿಪ್ಟು, ಇಂಟರ್‌ಪ್ರಿಟರು, ಅದು ಬೇಡುವ ಲೈಬ್ರರಿಗಳು, ಎಲ್ಲ ಒಂದೇ ಗಂಟಿನಲ್ಲಿ. ಹೋದ ಊರಲ್ಲಿ ಏನನ್ನೂ ಕೇಳುವ ಹಾಗಿಲ್ಲ.

ನಾನೂ ಪೈ2ಎಕ್ಸ್ ಬಳಸಿ ಗಂಟು ಕಟ್ಟಿದೆ. ಆದರೆ ಅದು ಮಾಡಿಕೊಟ್ಟ ಫೋಲ್ಡರಿನಿಂದ ಎಕ್ಸ್ ಕಡತವೊಂದನ್ನೇ ಸಿಡಿಗೆ ಹಾಕಿದೆ, ದಡ್ಡ! ಪಕ್ಕದಲ್ಲಿದ್ದ ಡಿಎಲ್ಎಲ್‌ಗಳು ಬೆಂಗಳೂರಲ್ಲೇ ಉಳಿದವು. ಪೈಥಾನ್ 2.4ಕ್ಕೆ ಎಂಎಸ್‌ವಿಸಿಆರ್71 ಎಂಬ ಡಿಎಲ್ಎಲ್ ಬೇಕು, ಅದು ವಿಂಡೋಸ್ ಜತೆ ಬರುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಮೊದಲೇ ಇದ್ದುದರಿಂದ ನನಗೆ ಗೊತ್ತೇ ಆಗಲಿಲ್ಲ.

ಮೂರನೇ ಸಿಡಿಯಲ್ಲಿ ಇಡೀ ಫೋಲ್ಡರ್ ಹೋಯಿತು. ಓಡಿತು! ಆದರೆ ತೆರೆಯ ಮೇಲೆ ಬರೀ ಚೌಕ ಚೌಕ. ಹಳೇ ಬ್ಲಾಗಿಗರಿಗೆ ನೆನಪಿರಬೇಕು. 2001ರ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ತುಂಗಾ ಫಾಂಟ್ ಬಂದಿದ್ದರೂ, ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಆಯ್ಕೆಗೆ ಟಿಕ್ ಹಾಕಬೇಕಿತ್ತು. ಹಾಕಿದರೆ ಎಕ್ಸ್‌ಪಿ ಸಿಡಿ ಕೊಡು ಅನ್ನುತ್ತಿತ್ತು. ಕಂಪ್ಯೂಟರ್ ಮಾರಿದವನು ಸಿಡಿ ಕೊಟ್ಟಿರಲೇ ಇಲ್ಲ. ಕೊನೆಗೆ ದೀಪಾವಳಿಗೆ ನಾನೇ ಸಿಡಿ ಹಿಡಿದು ಹೋದೆ. ಬುತ್ತಿ ಎಷ್ಟು ಗಟ್ಟಿಯಾಗಿ ಕಟ್ಟಿದರೂ ಎಲೆ ಹಾಕುವ ಜಾಗ ಆ ಮನೆಯಲ್ಲೇ ಇರಬೇಕು ನೋಡಿ.

ಈಗ ದೊಡ್ಡಪ್ಪ ಇಲ್ಲ. ಮೊನ್ನೆ ಆ ಸಿಡಿಯನ್ನು ತಮ್ಮನ ವಿಂಡೋಸ್ 10 ಲ್ಯಾಪ್‌ಟಾಪಿಗೆ ಹಾಕಿದೆ. ಗಂಟು ಕಟ್ಟಿದ ಎಕ್ಸ್ ಮಾತಿಲ್ಲದೆ ಓಡಿತು! ಅದೇ ಸಿಡಿಯಲ್ಲಿದ್ದ ಮೂಲ ಸ್ಕ್ರಿಪ್ಟ್ ಮಾತ್ರ ಪೈಥಾನ್ 3ರಲ್ಲಿ ಮೊದಲ ಪ್ರಿಂಟ್ ಸಾಲಿಗೇ ಮುಗ್ಗರಿಸಿತು. ಪೈಥಾನ್ 2ರ ಆಯುಸ್ಸು 2020ರ ಜನವರಿಗೇ ಮುಗಿದಿದೆಯಲ್ಲ.

ಹಾಗಾದರೆ ಗಂಟೇ ಮೇಲೇ? ಪೂರ್ತಿ ಹಾಗೂ ಅಲ್ಲ. ನುಡಿಯ ಕಡತದಲ್ಲಿ ಅರ್ಕಾವೊತ್ತು ವ್ಯಂಜನದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂದೆ ಬರಬೇಕು. ಇದರಲ್ಲಿ ನಾನು ಮಾಡಿದ್ದ ಒಂದು ತಪ್ಪಿನಿಂದ ಎಷ್ಟೋ ಪದ ಕೆಟ್ಟಿದ್ದವು. ಗಂಟಿನೊಳಗೆ ಅದನ್ನು ತಿದ್ದಲಾಗಲಿಲ್ಲ. ಮೂಲ ಸ್ಕ್ರಿಪ್ಟ್ ಇದ್ದುದರಿಂದ ಅರ್ಧ ಗಂಟೆಯಲ್ಲಿ ಪೈಥಾನ್ 3ಕ್ಕೆ ಒಗ್ಗಿಸಿ, ತಪ್ಪು ತಿದ್ದಿ, ಮತ್ತೆ ಓಡಿಸಿದೆ. ಮಳೆ ಲೆಕ್ಕ ಪೂರ್ತಿ ಬಂತು. ಈಗ ಅದು ಮನೆಯವರೆಲ್ಲರ ಮೊಬೈಲಿನಲ್ಲಿದೆ. ಫಾಂಟೂ ಬೇಡ, ಸಿಡಿಯೂ ಬೇಡ.

ನಿಮ್ಮ ಮನೆಯಲ್ಲೂ ಅಪ್ಪನದೋ ಮಾವನದೋ ನುಡಿ-ಬರಹದ ಹಳೇ ಕಡತ ಇರಬಹುದು. ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ತೆರೆದು ನೋಡಿ. ಏನಂತೀರಿ?